ಕಾರ್ ನಿಂತ ಮೇಲೆ ಹಿಂದಕ್ಕೆ ಹೊಡೆಯೋ ಆ ಜರ್ಕ್ ಎಲ್ಲಿಂದ ಬರುತ್ತೆ?

ಪ್ರಶ್ನೆ: ನಾನು ಸುಂಟಿಕೊಪ್ಪದವಳು, ಹೋದ ವರ್ಷ ಕಾರ್ ಕಲಿತೆ, ಮನೇಲಿದ್ದ ಹಳೇ ಆಲ್ಟೋ ಓಡಿಸ್ತೀನಿ. ಬ್ರೇಕ್ ಹಾಕ್ದಾಗ ಎಲ್ರೂ ಮುಂದಕ್ಕೆ ವಾಲ್ತೀವಿ, ಅದು ಅರ್ಥ ಆಗುತ್ತೆ. ಆದ್ರೆ ಕಾರ್ ಪೂರ್ತಿ ನಿಲ್ಲೋ ಕೊನೇ ಕ್ಷಣದಲ್ಲಿ ಹಿಂದಕ್ಕೆ ಒಂದು ಜರ್ಕ್ ಹೊಡೆಯುತ್ತೆ, ಪೆಡಲ್ ಒಂದೇ ಸಮ ಒತ್ತಿ ಹಿಡಿದಿದ್ರೂ ಹೊಡೆಯುತ್ತೆ. ಹಿಂದಿನ ಸೀಟಲ್ಲಿ ಕೂರೋ ಅತ್ತೆಗೆ ಮೊದ್ಲೇ ಕುತ್ತಿಗೆ ನೋವು. ಕಾರ್ ನಿಂತೇ ಹೋಯ್ತಲ್ಲ, ಮತ್ತೆ ಹಿಂದಕ್ಕೆ ಎಳೆಯೋ ಬಲ ಎಲ್ಲಿಂದ ಬಂತು? ಹಾಗೇ ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಹೇಗೆ ಬಳಸ್ಬೇಕು, ಮಳೇಲಿ ಏನು ವ್ಯತ್ಯಾಸ ಅಂತಾನೂ ಹೇಳಿ.

ಉತ್ತರ:

ನಾನು ಮಡಿಕೇರೀಲಿ ಪಿಯುಸಿ ಮಕ್ಕಳಿಗೆ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಫಿಸಿಕ್ಸ್ ಹೇಳ್ಕೊಟ್ಟಿದೀನಿ, ಬ್ರೇಕ್ ಹಾಕಿ ನಿಲ್ಲೋ ಕಾರಿನ ಲೆಕ್ಕ ಪ್ರತಿ ವರ್ಷ ಬೋರ್ಡ್ ಮೇಲೆ ಬರುತ್ತೆ, ಆದ್ರೆ ಈ ಪ್ರಶ್ನೆ ಕೇಳಿದ ಮಕ್ಕಳು ಬೆರಳೆಣಿಕೆ. ಪುಸ್ತಕದ ಲೆಕ್ಕ ವೇಗ ಸೊನ್ನೆ ಆದ ತಕ್ಷಣ ಮುಗಿದೋಗುತ್ತೆ, ಉತ್ತರ ಬರೆದು ಕೆಳಗೆ ಗೆರೆ ಎಳೀತಾರೆ. ನಿಮ್ಮ ಪ್ರಶ್ನೆ ಶುರುವಾಗೋದೇ ಆ ಗೆರೆ ಹತ್ರ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೀತಾ ಇದೀನಿ, ಬಿಡುವು ಮಾಡ್ಕೊಂಡು ಓದಿ.

ಮೊದ್ಲು ಒಂದು ವಿಷಯ ಸರಿ ಮಾಡ್ಕೊಳೋಣ, ಅದು ಸರಿಯಾದ್ರೆ ಮಿಕ್ಕಿದ್ದೆಲ್ಲ ಅದರ ಹಿಂದೆ ತಾನಾಗೇ ಬರುತ್ತೆ. ಕಾರನ್ನ ನಿಲ್ಲಿಸೋದು ಬ್ರೇಕ್ ಅಲ್ಲ, ರಸ್ತೆ. ಚಕ್ರದ ಜೊತೆ ಸುತ್ತೋ ಡಿಸ್ಕ್, ಡ್ರಮ್, ಡಿಸ್ಕನ್ನ ಕಚ್ಚಿ ಹಿಡಿಯೋ ಬ್ರೇಕ್ ಪ್ಯಾಡ್ ಎಲ್ಲ ಕಾರಿನ ಒಳಗಿನ ಸಾಮಾನುಗಳೇ, ಒಳಗೊಳಗೇ ಒಂದನ್ನೊಂದು ಎಷ್ಟು ಗಟ್ಟಿಯಾಗಿ ಹಿಡ್ಕೊಂಡ್ರೂ ಅದರಿಂದ ಇಡೀ ಕಾರಿನ ಓಟ ನಿಲ್ಲಲ್ಲ, ಹೊರಗಿನಿಂದ ಯಾರಾದ್ರೂ ತಡೀಬೇಕು. ಆ ಹೊರಗಿನವರು ಯಾರು ಅಂದ್ರೆ ಟಯರ್ ಕೆಳಗಿರೋ ಟಾರು. ಬ್ರೇಕ್ ಮಾಡೋದು ಇಷ್ಟೇ, ಚಕ್ರದ ಸುತ್ತೋ ವೇಗ ಕಮ್ಮಿ ಮಾಡುತ್ತೆ, ಆಗ ಟಯರ್ ರಸ್ತೇನ ಮುಂದಕ್ಕೆ ತಳ್ಳೋಕೆ ನೋಡುತ್ತೆ, ರಸ್ತೆ ಅಷ್ಟೇ ಬಲದಿಂದ ಟಯರನ್ನ ಹಿಂದಕ್ಕೆ ತಳ್ಳುತ್ತೆ. ಒಂದೊಂದು ಟಯರ್ ನೆಲ ಮುಟ್ಟೋ ಜಾಗ ನಿಮ್ಮ ಅಂಗೈ ಅಗಲ ಇರುತ್ತೆ ಅಷ್ಟೇ, ಆ ನಾಲ್ಕು ಅಂಗೈ ಇಡೀ ಕಾರನ್ನ, ಒಳಗಿರೋರನ್ನ, ಡಿಕ್ಕೀಲಿರೋ ಕಿತ್ತಳೆ ಮೂಟೇನ ಎಲ್ಲ ಹಿಡಿದು ನಿಲ್ಲಿಸ್ಬೇಕು. ಮಳೆಗಾಲದಲ್ಲಿ ತೋಟದ ರಸ್ತೇಲಿ ಪಾಚಿ ಮೇಲೆ ಜೀಪ್ ಜಾರಿದ್ದನ್ನ ನೋಡಿರ್ತೀರಲ್ಲ, ನಾಲ್ಕು ಚಕ್ರಾನೂ ಸುತ್ತದೆ ಲಾಕ್ ಆಗಿರುತ್ತೆ, ಬ್ರೇಕ್ ತನ್ನ ಕೆಲಸ ನೂರಕ್ಕೆ ನೂರು ಮಾಡಿದೆ, ಜೀಪ್ ಮಾತ್ರ ಹೋಗ್ತಾನೇ ಇರುತ್ತೆ, ಯಾಕಂದ್ರೆ ರಸ್ತೆ ಕೈ ಬಿಟ್ಟಿದೆ.

ಈಗ ರಸ್ತೆ ಹಿಂದಕ್ಕೆ ತಳ್ಳೋದು ಎಲ್ಲಿ, ಟಯರ್ ಬುಡದಲ್ಲಿ, ನೆಲದ ಮಟ್ಟದಲ್ಲಿ. ಆದ್ರೆ ಕಾರಿನ ಭಾರದ ಕೇಂದ್ರ ಅದಕ್ಕಿಂತ ಸುಮಾರು ಅರ್ಧ ಮೀಟರ್ ಮೇಲೆ, ಸೀಟಿನ ಮಟ್ಟದ ಹತ್ರ ಇದೆ. ಓಡ್ತಾ ಇರೋ ಮನುಷ್ಯನ ಕಾಲಿಗೆ ಬಳ್ಳಿ ಸಿಕ್ಕಿದ್ರೆ ಏನಾಗುತ್ತೆ, ಕಾಲು ನಿಲ್ಲುತ್ತೆ, ತಲೆ ಮುಂದೆ ಹೋಗುತ್ತೆ. ಕಾರಿಗೂ ಅದೇ, ಮೂತಿ ಕೆಳಗೆ ಬಗ್ಗುತ್ತೆ, ಹಿಂಭಾಗ ಮೇಲೇಳುತ್ತೆ. ಒಂದು ಅಂದಾಜು ಲೆಕ್ಕ ಹೇಳ್ತೀನಿ. ನಿಮ್ಮ ಆಲ್ಟೋ, ನಾಲ್ಕು ಜನ, ಸ್ವಲ್ಪ ಲಗೇಜು ಸೇರಿ 1000 ಕೆಜಿ ಅಂತ ಇಟ್ಕೊಳ್ಳಿ, ನಿಂತಾಗ ಮುಂದಿನ ಚಕ್ರಗಳ ಮೇಲೆ 600, ಹಿಂದಿನದರ ಮೇಲೆ 400. ಗಟ್ಟಿಯಾಗಿ ಬ್ರೇಕ್ ಹಾಕಿ ಸೆಕೆಂಡಿಗೆ ಸೆಕೆಂಡಿಗೆ 7 ಮೀಟರ್ ಲೆಕ್ಕದಲ್ಲಿ, ಅಂದ್ರೆ ಒಂದೊಂದು ಸೆಕೆಂಡಲ್ಲೂ ವೇಗ ಸೆಕೆಂಡಿಗೆ 7 ಮೀಟರ್‌ನಷ್ಟು ಕಮ್ಮಿ ಆಗೋ ಹಾಗೆ, ಇಳಿಸಿದ್ರೆ ಹತ್ತತ್ರ 160 ಕೆಜಿ ಭಾರ ಹಿಂದಿನಿಂದ ಮುಂದಕ್ಕೆ ವರ್ಗ ಆಗುತ್ತೆ, ಅಂದ್ರೆ ಮುಂದೆ 760, ಹಿಂದೆ 240. ಅದಕ್ಕೇ ಮುಂದೆ ಡಿಸ್ಕು, ಹಿಂದೆ ಸಣ್ಣ ಡ್ರಮ್ಮು ಇಟ್ಟಿರೋದು, ದುಡ್ಡು ಉಳಿಸೋಕೆ ಮಾತ್ರ ಅಲ್ಲ. ಹಿಂದಿನ ಚಕ್ರಕ್ಕೆ ಜಾಸ್ತಿ ಬ್ರೇಕ್ ಕೊಟ್ರೆ ಹಗುರಾಗಿರೋ ಅದು ಮೊದ್ಲು ಲಾಕ್ ಆಗಿ ಕಾರ್ ಅಡ್ಡ ತಿರುಗಿಬಿಡುತ್ತೆ.

ಈ ಮೂತಿ ಬಗ್ಗೋದ್ರಲ್ಲೇ ನಿಮ್ಮ ಪ್ರಶ್ನೇಗೆ ಅರ್ಧ ಉತ್ತರ ಇದೆ. ಬ್ರೇಕ್ ಹಿಡಿದಿರೋವರೆಗೂ ಮುಂದಿನ ಸ್ಪ್ರಿಂಗ್ ಒತ್ತಿಕೊಂಡಿದೆ, ಹಿಂದಿನದು ಹಿಗ್ಗಿದೆ, ಟಯರಿನ ಪಕ್ಕದ ಗೋಡೆ ತಿರುಚಿಕೊಂಡಿದೆ, ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು ಎಳೆದುಕೊಂಡಿವೆ. ಇಷ್ಟೂ ಸಾಲದು ಅಂತ ನಿಮ್ಮ ಅತ್ತೆಯವರ ಕುತ್ತಿಗೆ, ಬೆನ್ನು, ಸೀಟಿಗೆ ಕೊಟ್ಟ ಕೈ ಎಲ್ಲ ಮುಂದಕ್ಕೆ ಬೀಳದೇ ಇರೋಕೆ ಹಿಂದಕ್ಕೆ ಬಲ ಹಾಕ್ತಾ ಇವೆ, ಅವರಿಗೇ ಗೊತ್ತಿಲ್ಲದ ಹಾಗೆ. ಅಂದ್ರೆ ಇಡೀ ಕಾರು, ಒಳಗಿರೋ ಜನರ ಸಮೇತ, ಎಳೆದು ಹಿಡಿದ ಕವಣೆ ರಬ್ಬರ್ ಥರ ಇದೆ.

ಈಗ ಕೊನೇ ಕ್ಷಣಕ್ಕೆ ಬನ್ನಿ. ವೇಗ ಸೊನ್ನೆ ಆಯ್ತು. ಆಗ ರಸ್ತೆ ತಳ್ಳೋದು ಏನಾಗುತ್ತೆ? ಇಲ್ಲಿ ಒಂದು ಹೋಲಿಕೆ ನನಗೆ ತುಂಬ ಇಷ್ಟ, ಕ್ಲಾಸಲ್ಲೂ ಇದನ್ನೇ ಹೇಳ್ತೀನಿ. ಒಂದು ಚೆಂಡನ್ನ ಮೇಲಕ್ಕೆ ಎಸೀರಿ. ಮೇಲೆ ಹೋಗ್ತಾ ಹೋಗ್ತಾ ನಿಧಾನ ಆಗಿ ತುದೀಲಿ ಒಂದು ಕ್ಷಣ ನಿಲ್ಲುತ್ತೆ, ವೇಗ ಸೊನ್ನೆ. ಆದ್ರೆ ಅದನ್ನ ನಿಧಾನ ಮಾಡಿದ ಬಲ, ಭೂಮಿಯ ಸೆಳೆತ, ಅದು ಆ ಕ್ಷಣದಲ್ಲೂ ಅಷ್ಟೇ ಇದೆ, ಒಂದು ಚೂರೂ ಬದಲಾಗಿಲ್ಲ, ಅದಕ್ಕೇ ಚೆಂಡು ನಿಲ್ಲದೆ ವಾಪಸ್ ಬರುತ್ತೆ. ಘರ್ಷಣೆ ಹಾಗಲ್ಲ. ಘರ್ಷಣೆಗೆ ತನ್ನದೇ ಆದ ದಿಕ್ಕು ಅಂತ ಇಲ್ಲ, ಎದುರಿಗೆ ಓಟ ಇದ್ರೆ ತಡೆಯುತ್ತೆ, ಓಟ ನಿಂತ್ರೆ ಸುಮ್ಮನಾಗುತ್ತೆ. ಹಾಗಿಲ್ಲದಿದ್ರೆ ಬ್ರೇಕ್ ಒತ್ತಿದ ಕಾರು ನಿಂತ ಮೇಲೆ ತಾನಾಗೇ ರಿವರ್ಸ್ ಹೋಗ್ಬೇಕಿತ್ತು! ಹಾಗಾಗಿ ಸಮತಟ್ಟು ರಸ್ತೇಲಿ ಕಾರ್ ನಿಂತ ಆ ಗಳಿಗೇಲಿ ರಸ್ತೆಯ ಬಲ ಪೂರ್ತಿಯಿಂದ ಸೊನ್ನೆಗೆ ಬಿದ್ದುಹೋಗುತ್ತೆ, ಮೆಟ್ಟಿಲು ಇಳಿದ ಹಾಗಲ್ಲ, ಅಟ್ಟದಿಂದ ಬಿದ್ದ ಹಾಗೆ. ಕವಣೆ ರಬ್ಬರ್ ಹಿಡಿದಿದ್ದ ಕೈ ಬಿಟ್ಟ ಹಾಗಾಯ್ತು. ಒತ್ತಿಕೊಂಡಿದ್ದ ಮುಂದಿನ ಸ್ಪ್ರಿಂಗ್ ಮೂತೀನ ಮೇಲಕ್ಕೆ ಎತ್ತುತ್ತೆ, ತಿರುಚಿದ್ದ ಟಯರು ಬಿಚ್ಚಿಕೊಳ್ಳುತ್ತೆ, ಬಾಡಿ ತುಸು ಹಿಂದಕ್ಕೆ ಬರುತ್ತೆ, ಚಕ್ರ ಸುತ್ತಿರಲ್ಲ, ಆದ್ರೂ ಬಾಡಿ ಹಿಂದೆ ಬಂದಿರುತ್ತೆ. ಇನ್ನು ಅತ್ತೆಯವರ ಕುತ್ತಿಗೆ, ಮುಂದಕ್ಕೆ ಬೀಳದಂತೆ ಹಿಂದಕ್ಕೆ ಬಲ ಹಾಕ್ತಾ ಇತ್ತಲ್ಲ, ಎದುರಿನ ತಳ್ಳಾಟ ನಿಂತಿದ್ದು ಸ್ನಾಯುಗಳಿಗೆ ತಕ್ಷಣ ಗೊತ್ತಾಗಲ್ಲ, ಹಾಕ್ತಾ ಇದ್ದ ಬಲಾನ ಹಾಕ್ತಾನೇ ಇರ್ತಾವೆ, ತಲೆ ಹಿಂದಕ್ಕೆ ಹೋಗಿ ಸೀಟಿಗೆ ಬಡಿಯುತ್ತೆ. ಹಗ್ಗ ಜಗ್ಗಾಟದಲ್ಲಿ ಎದುರಿನ ತಂಡದವರು ಇದ್ದಕ್ಕಿದ್ದ ಹಾಗೆ ಹಗ್ಗ ಬಿಟ್ರೆ ಈ ಕಡೆಯವರು ಹಿಂದಕ್ಕೆ ಬೀಳ್ತಾರಲ್ಲ, ಹಾಗೆ. ಬಸ್ಸಲ್ಲಿ ಕಂಬಿ ಹಿಡಿದು ನಿಂತು ಮಡಿಕೇರಿ ಸ್ಟ್ಯಾಂಡ್‌ಗೆ ಬಂದೋರಿಗೆಲ್ಲ ಇದು ಗೊತ್ತು, ಬಸ್ ನಿಲ್ಲೋವರೆಗೂ ಡ್ರೈವರ್ ಕಡೆ ವಾಲಿರ್ತಾರೆ, ನಿಂತ ಮೇಲೆ ಎಲ್ರೂ ಒಟ್ಟಿಗೆ ಹಿಂದಿನವರ ಮೇಲೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ, ಹಿಂದಕ್ಕೆ ಎಳೆಯೋ ಹೊಸ ಬಲ ಅಂತ ಯಾವುದೂ ಬರಲಿಲ್ಲ, ಇದ್ದ ಬಲ ಇದ್ದಕ್ಕಿದ್ದಂತೆ ಹೋಯ್ತು. ನಮ್ಮ ಮೈಗೆ ಬಲ ಅಷ್ಟಾಗಿ ತೊಂದ್ರೆ ಕೊಡಲ್ಲ, ಬಲ ಬದಲಾಗೋ ರಭಸ ತೊಂದ್ರೆ ಕೊಡುತ್ತೆ. ಆ ರಭಸಕ್ಕೆ ಫಿಸಿಕ್ಸಲ್ಲಿ ಇಟ್ಟಿರೋ ಹೆಸರೂ ಜರ್ಕ್ ಅಂತಲೇ, ನೀವು ಬಳಸಿದ ಅದೇ ಪದ. ವೇಗ ಎಷ್ಟು ಬೇಗ ಬದಲಾಗುತ್ತೆ ಅನ್ನೋದು ವೇಗೋತ್ಕರ್ಷ, ಆ ವೇಗೋತ್ಕರ್ಷ ಎಷ್ಟು ಬೇಗ ಬದಲಾಗುತ್ತೆ ಅನ್ನೋದು ಜರ್ಕ್. ಲಿಫ್ಟು, ಮೆಟ್ರೋ ರೈಲು ಡಿಸೈನ್ ಮಾಡೋರು ಇದಕ್ಕೆ ಮಿತಿ ಇಟ್ಕೊಂಡೇ ಮಾಡ್ತಾರೆ. ಇನ್ನೊಂದು ಸಣ್ಣ ಕಾರಣಾನೂ ಸೇರ್ಕೊಳ್ಳುತ್ತೆ, ಎಷ್ಟೋ ಬ್ರೇಕ್ ಪ್ಯಾಡುಗಳು ಡಿಸ್ಕ್ ನಿಧಾನ ಆದಷ್ಟೂ ಗಟ್ಟಿಯಾಗಿ ಕಚ್ಚುತ್ತವೆ, ಅಂದ್ರೆ ನೀವು ಪೆಡಲನ್ನ ಒಂದೇ ಸಮ ಹಿಡಿದಿದ್ರೂ ಕೊನೇಲಿ ಬ್ರೇಕ್ ತಾನಾಗೇ ಸ್ವಲ್ಪ ಜಾಸ್ತಿ ಆಗಿರುತ್ತೆ, ಬೀಳೋ ಅಟ್ಟ ಇನ್ನೂ ಎತ್ತರ ಆಯ್ತು.

ನಡುವೆ ಒಂದು ಮಾತು. ನಿಮಗೆ ಆಗ್ತಿರೋದು ಒಂದೇ ಜರ್ಕಾ, ಅಥವಾ ಗುದ್ದಿ ಗುದ್ದಿ ಮೂರ್ನಾಲ್ಕು ಸಲ ಆಗುತ್ತಾ ನೋಡ್ಕೊಳ್ಳಿ. ಗುದ್ದಿ ಗುದ್ದಿ ಆಗ್ತಿದ್ರೆ ಅದು ಬ್ರೇಕಿಂದಲ್ಲ, ಕ್ಲಚ್ ಒತ್ತೋದು ತಡ ಆಗ್ತಿದೆ, ಇಂಜಿನ್ ಆಫ್ ಆಗೋಕೆ ಒದ್ದಾಡ್ತಿದೆ. ನಿಂತ ಮೇಲೆ ಕಾರ್ ಎರಡು ಮೂರು ಸಲ ಮೇಲೆ ಕೆಳಗೆ ಕುಣಿದ್ರೆ ಶಾಕ್ ಅಬ್ಸಾರ್ಬರ್ ಸುಸ್ತಾಗಿದೆ ಅಂತ, ಒಳ್ಳೇ ಕಂಡೀಷನ್ನಲ್ಲಿದ್ರೆ ಒಂದು ಸಲ ಎದ್ದು ಕೂತ್ಕೋಬೇಕು ಅಷ್ಟೇ.

ಇನ್ನು ಪರಿಹಾರ. ಬಲ ಸೊನ್ನೆಗೆ ಬೀಳೋದು ತಪ್ಪಲ್ಲ, ಆದ್ರೆ ಬೀಳೋ ಹೊತ್ತಿಗೆ ಅದು ಮೊದ್ಲೇ ಸಣ್ಣದಾಗಿದ್ರೆ ಏಟು ಗೊತ್ತಾಗಲ್ಲ. ಅಂದ್ರೆ ಕೊನೇ ಮೀಟರಲ್ಲಿ ಪೆಡಲನ್ನ ಸ್ವಲ್ಪ ಸ್ವಲ್ಪ ಸಡಿಲ ಬಿಡ್ಬೇಕು, ಕಾರ್ ನಿಲ್ಲೋ ಹೊತ್ತಿಗೆ ಪಾದ ಪೆಡಲ್ ಮೇಲೆ ಇದೆಯೋ ಇಲ್ಲವೋ ಅನ್ನೋ ಹಾಗಿರ್ಬೇಕು, ನಿಂತ ಮೇಲೆ ಮತ್ತೆ ಗಟ್ಟಿಯಾಗಿ ಒತ್ತಿ ಹಿಡೀಬೇಕು. ಇದಕ್ಕೆ ಎಷ್ಟು ಟೈಮ್ ಸಿಗುತ್ತೆ ಅಂತ ಲೆಕ್ಕ ಹಾಕಿದ್ರೆ, ನೀವು ಸಾಧಾರಣವಾಗಿ ಸೆಕೆಂಡಿಗೆ ಸೆಕೆಂಡಿಗೆ 3 ಮೀಟರ್ ಲೆಕ್ಕದಲ್ಲಿ ನಿಧಾನ ಮಾಡ್ತಾ ಇದೀರಿ ಅಂತಿಟ್ಕೊಂಡ್ರೆ, ನಿಲ್ಲೋಕೆ ಒಂದು ಮೀಟರ್ ಬಾಕಿ ಇದ್ದಾಗ ಇನ್ನೂ ಗಂಟೆಗೆ 9 ಕಿ.ಮೀ. ಹತ್ರ ವೇಗ ಇರುತ್ತೆ, ಆ ಒಂದು ಮೀಟರ್ ಮುಗಿಯೋಕೆ ಮುಕ್ಕಾಲು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಅಲ್ಲಿಂದ ಬ್ರೇಕ್ ಅರ್ಧ ಮಾಡಿದ್ರೆ ಒಂದರ ಬದಲು ಎರಡು ಮೀಟರ್ ಬೇಕು, ಆ ಅರ್ಧದಿಂದ ಸೊನ್ನೆವರೆಗೂ ನಿಧಾನವಾಗಿ ಬಿಡ್ತಾ ಬಂದ್ರೆ ಎರಡೂವರೆಯಿಂದ ಮೂರು ಮೀಟರ್. ಅಂದ್ರೆ ಮುಂದಿನ ಗಾಡಿಯಿಂದ ನೀವು ನಿಲ್ಲಿಸ್ಬೇಕು ಅಂದ್ಕೊಂಡ ಜಾಗಕ್ಕಿಂತ ಎರಡು ಮೀಟರ್ ಮೊದ್ಲೇ ನಿಲ್ಲೋ ಹಾಗೆ ಬ್ರೇಕ್ ಶುರು ಮಾಡಿ, ಆ ಎರಡು ಮೀಟರನ್ನ ಕೊನೆಗೆ ಖರ್ಚು ಮಾಡಿ. ಹೊಸದಾಗಿ ಕಲಿತೋರು ಉಲ್ಟಾ ಮಾಡ್ತಾರೆ, ಮೊದ್ಲು ಮೆತ್ತಗೆ ಒತ್ತಿ, ಜಾಗ ಸಾಲಲ್ಲ ಅಂತ ಕೊನೇಲಿ ತುಳೀತಾರೆ. ಅನುಭವ ಇರೋ ಡ್ರೈವರ್ ಮೊದ್ಲು ಒತ್ತಿ ಆಮೇಲೆ ಬಿಡ್ತಾನೆ. ಎದುರಿಗೆ ದನ ಬಂದಾಗ, ಮಗು ಓಡಿ ಬಂದಾಗ ಇದೆಲ್ಲ ಬೇಡ, ಪೂರ್ತಿ ತುಳೀರಿ, ಕುತ್ತಿಗೆ ನೋವು ಆಮೇಲೆ ನೋಡ್ಕೊಳೋಣ.

ಇಷ್ಟು ಸಮತಟ್ಟಿನ ಮಾತಾಯ್ತು, ಆದ್ರೆ ನಮ್ಮ ಕೊಡಗಲ್ಲಿ ಸಮತಟ್ಟು ರಸ್ತೆ ಹುಡುಕೋಕೆ ಕುಶಾಲನಗರದ ಕಡೆಗೇ ಹೋಗ್ಬೇಕು. 15 ಅಡಿ ಹೋದ್ರೆ ಒಂದು ಅಡಿ ಇಳಿಯೋ ಇಳಿಜಾರು ತಗೊಳ್ಳಿ. ಅಲ್ಲಿ ಭೂಮಿ ಕಾರನ್ನ ಸೆಕೆಂಡಿಗೆ ಸೆಕೆಂಡಿಗೆ 0.65 ಮೀಟರ್ ಲೆಕ್ಕದಲ್ಲಿ ಕೆಳಗೆ ಎಳೀತಾನೇ ಇರುತ್ತೆ, ನಿಂತ ಮೇಲೂ ಎಳೆಯುತ್ತೆ. ಇಳಿಯುವಾಗ ರಸ್ತೆ ಎರಡು ಕೆಲಸ ಮಾಡ್ಬೇಕು, ಈ ಎಳೆತಕ್ಕೆ ಉತ್ತರ ಕೊಡ್ಬೇಕು, ಮೇಲಿಂದ ವೇಗಾನೂ ಇಳಿಸ್ಬೇಕು. ಹಾಗಾಗಿ ಇಳಿಜಾರಲ್ಲಿ ಮೆತ್ತಗೆ ನಿಲ್ಲಿಸೋದು ಕಷ್ಟ, ಪೆಡಲ್ ಸಡಿಲ ಬಿಡೋಕೆ ಇರೋ ಜಾಗ ಕಮ್ಮಿ, ಜಾಸ್ತಿ ಬಿಟ್ರೆ ಕಾರ್ ನಿಲ್ಲೋದೇ ಇಲ್ಲ. ಏರಿನಲ್ಲಿ ಇದಕ್ಕೆ ಉಲ್ಟಾ, ಭೂಮಿ ನಿಮ್ಮ ಪರವಾಗಿ ಬ್ರೇಕ್ ಹಾಕ್ತಾ ಇರುತ್ತೆ.

ಮಳೆಗೆ ಬರ್ತೀನಿ. ಒಣಗಿದ ಒಳ್ಳೇ ಟಾರಲ್ಲಿ, ಒಳ್ಳೇ ಟಯರಿದ್ರೆ, 7 ಮೀಟರ್ ಲೆಕ್ಕದ ಹಿಡಿತ ಸಿಗುತ್ತೆ. ನಿಲ್ಲೋಕೆ ಬೇಕಾದ ದೂರ ವೇಗದ ವರ್ಗಕ್ಕೆ ತಕ್ಕ ಹಾಗೆ ಬೆಳೆಯುತ್ತೆ, ವೇಗ ಎರಡು ಪಟ್ಟಾದ್ರೆ ದೂರ ನಾಲ್ಕು ಪಟ್ಟು. ಗಂಟೆಗೆ 30 ಕಿ.ಮೀ.ನಲ್ಲಿ ಬ್ರೇಕ್ ಹಿಡಿದ ಮೇಲೆ 5 ಮೀಟರ್, 60ರಲ್ಲಿ 20 ಮೀಟರ್. ಇದಲ್ಲದೆ ಕಣ್ಣಿಗೆ ಕಂಡು ಕಾಲು ಪೆಡಲ್‌ಗೆ ಹೋಗೋಕೆ ಒಂದು ಸೆಕೆಂಡ್ ಅಂತಿಟ್ಕೊಂಡ್ರೂ 60ರಲ್ಲಿ ಹತ್ತತ್ರ 17 ಮೀಟರ್ ಬ್ರೇಕ್ ಇಲ್ಲದೇನೇ ಹೋಗಿರುತ್ತೆ. ಇನ್ನೊಂದು ಲೆಕ್ಕ ಇದೆ, ಇದನ್ನ ಕೇಳಿದಾಗ ಮಕ್ಕಳು ನಂಬಲ್ಲ, ಅವರ ಕೈಲೇ ಮಾಡಿಸ್ತೀನಿ. ತಿತಿಮತಿ ರಸ್ತೇಲಿ ಎರಡು ಕಾರು, ಒಂದು 60ರಲ್ಲಿ, ಒಂದು 80ರಲ್ಲಿ ಬರ್ತಾ ಇವೆ, ಎದುರಿಗೆ ಆನೆ, ಇಬ್ರೂ ಒಂದೇ ಜಾಗದಲ್ಲಿ ಒಂದೇ ಥರ ಬ್ರೇಕ್ ಹಿಡಿದ್ರು. 60ರ ಕಾರು ಆನೆ ಮುಂದೆ ಸರಿಯಾಗಿ ನಿಂತಿತು ಅಂತಿಟ್ಕೊಳ್ಳಿ. ಅದೇ ಜಾಗದಲ್ಲಿ 80ರ ಕಾರಿನ ವೇಗ ಇನ್ನೂ ಎಷ್ಟು? 20 ಅಂತಾರೆ ಎಲ್ರೂ. ಅಲ್ಲ, 53. ಯಾಕಂದ್ರೆ ಬ್ರೇಕ್ ತಿನ್ನೋದು ವೇಗಾನಲ್ಲ, ಶಕ್ತೀನ, ಶಕ್ತಿ ವೇಗದ ವರ್ಗದಲ್ಲಿರುತ್ತೆ, ಹಾಗಾಗಿ ಮೊದ್ಲ ಅರ್ಧ ದೂರದಲ್ಲಿ 60ರ ಕಾರು 42ಕ್ಕೆ ಬಂದಿರುತ್ತೆ ಅಷ್ಟೇ, ಕೊನೇ ಕಾಲುಭಾಗ ದೂರದಲ್ಲೇ ಅರ್ಧ ವೇಗ ಇಳಿಯೋದು.

ಈಗ ಆ 7 ಮೀಟರಿನ ಹಿಡಿತ ಮಳೇಲಿ, ಪಾಚಿ ಮೇಲೆ, ಉದುರಿ ಕೊಳೆತ ಸಿಲ್ವರ್ ಓಕ್ ಎಲೆ ಮೇಲೆ 3ಕ್ಕೆ ಇಳೀತು ಅಂತಿಟ್ಕೊಂಡ್ರೆ 60ರಲ್ಲಿ 20 ಮೀಟರಿನ ಬದಲು 46 ಮೀಟರ್ ಬೇಕು. ಅದರ ಮೇಲೆ ಇಳಿಜಾರು, ನಾನು ಹೇಳಿದ 15ಕ್ಕೆ 1ರದ್ದು, ಅದೇ ಒದ್ದೆ ರಸ್ತೇಲಿ 40ರಲ್ಲಿ ಹೋಗ್ತಿದ್ರೆ ಏರಿನಲ್ಲಿ 17 ಮೀಟರಿಗೆ ನಿಲ್ಲೋ ಕಾರು ಇಳಿಯುವಾಗ 26 ಮೀಟರ್ ತಗೊಳ್ಳುತ್ತೆ. ಬೆಳಗ್ಗೆ ಹತ್ತಿ ಹೋದ ತಿರುವೇ ಸಂಜೆ ಇಳಿಯುವಾಗ ಬೇರೆ ತಿರುವು. ಬೇಸಿಗೆ ಮುಗಿದು ಮೊದ್ಲ ಮಳೆ ಬೀಳೋ ದಿನ ಇನ್ನೂ ಹುಷಾರಾಗಿರಿ, ತಿಂಗಳುಗಟ್ಟಲೆ ಕೂತಿದ್ದ ಧೂಳು, ಆಯಿಲ್ ಎಲ್ಲ ನೀರಿಗೆ ಕಲಸಿ ಸೋಪಿನ ಹಾಗಾಗಿರುತ್ತೆ, ಕಾಫಿಗೆ ಹೂಮಳೆ ಬಂತು ಅಂತ ಊರೆಲ್ಲ ಖುಷೀಲಿರೋ ಹೊತ್ತು ಅದು. ಆಮೇಲೆ ಎಡಬಿಡದೆ ಹುಯ್ದು ರಸ್ತೆ ತೊಳೆದ ಮೇಲೆ ಟಾರು ಎಷ್ಟೋ ವಾಸಿ, ನೆರಳಿನ ಪಾಚಿ ಜಾಗ ಬಿಟ್ಟು.

ಚಕ್ರ ಉರುಳ್ತಾ ಇರೋವರೆಗೂ ಟಯರಿನ ನೆಲ ಮುಟ್ಟಿದ ಭಾಗ ರಸ್ತೆ ಮೇಲೆ ಹತ್ತತ್ರ ನಿಂತೇ ಇರುತ್ತೆ, ನಡೆಯುವಾಗ ಪಾದ ನೆಲದ ಮೇಲೆ ನಿಂತಿರುತ್ತಲ್ಲ ಹಾಗೆ. ಲಾಕ್ ಆದ ಮೇಲೆ ಅದು ಜಾರುತ್ತೆ. ಜಾರೋ ಟಯರಿಗೆ ಹಿಡಿತ ಕಮ್ಮಿ, ಅದಕ್ಕಿಂತ ದೊಡ್ಡ ನಷ್ಟ ಅಂದ್ರೆ ಸ್ಟೇರಿಂಗ್ ತಿರುಗಿಸಿದ್ರೂ ಕಾರ್ ತಿರುಗಲ್ಲ. ಎಬಿಎಸ್, ಅಂದ್ರೆ ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ, ಇರೋ ಕಾರಲ್ಲಿ ಲಾಕ್ ಆಗೋ ಹೊತ್ತಿಗೆ ಯಂತ್ರಾನೇ ಸೆಕೆಂಡಿಗೆ ಎಷ್ಟೋ ಸಲ ಬಿಟ್ಟು ಹಿಡಿದು ಮಾಡುತ್ತೆ, ಪೆಡಲ್ ಕಾಲಿಗೆ ಕಟಕಟ ಅಂತ ಒದೆಯುತ್ತೆ, ಅದಕ್ಕೆ ಹೆದರಿ ಕಾಲು ತೆಗೀಬಾರದು. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ ಆಗಿದೆ, ನಿಮ್ಮದು ಹಳೇ ಆಲ್ಟೋ ಅಂದ್ರಿ, ಬಹುಶಃ ಇರಲ್ಲ. ಹಾಗಾಗಿ ಜಾರಿದ್ದು ಗೊತ್ತಾದ ತಕ್ಷಣ ಪೆಡಲ್ ಸ್ವಲ್ಪ ಬಿಟ್ಟು, ಚಕ್ರ ಮತ್ತೆ ಉರುಳೋಕೆ ಬಿಟ್ಟು, ಮತ್ತೆ ಹಿಡೀಬೇಕು. ಹೆದರಿದ ಕಾಲಿಗೆ ಇದು ಹೊಳೆಯಲ್ಲ, ಖಾಲಿ ಜಾಗದಲ್ಲಿ ಮೊದ್ಲೇ ಅಭ್ಯಾಸ ಮಾಡಿಸಿರ್ಬೇಕು.

ಸಂಪಾಜೆ ಘಾಟಿ ಬಗ್ಗೆ ಕೇಳಿದ್ರಲ್ಲ, ಅಲ್ಲಿ ಹಿಡಿತಕ್ಕಿಂತ ಬಿಸಿಯದ್ದೇ ದೊಡ್ಡ ವಿಷಯ. 60ರಲ್ಲಿ ಹೋಗ್ತಿರೋ 1000 ಕೆಜಿ ಕಾರನ್ನ ಒಂದು ಸಲ ನಿಲ್ಲಿಸಿದ್ರೆ 139 ಕಿಲೋಜೂಲ್, ಅಂದ್ರೆ 1.39 ಲಕ್ಷ ಜೂಲ್, ಶಕ್ತಿ ಎಲ್ಲಿಗಾದ್ರೂ ಹೋಗ್ಬೇಕು, ಅದು ಬಿಸಿಯಾಗಿ ಹೋಗೋದು, ಜಾಸ್ತಿ ಪಾಲು ಮುಂದಿನ ಎರಡು ಡಿಸ್ಕಿಗೆ. ಡಿಸ್ಕ್ ಒಂದೊಂದು 4 ಕೆಜಿ ಅಂತಿಟ್ಕೊಂಡ್ರೆ ಒಂದು ಸಲಕ್ಕೆ ಮೂವತ್ತು ಡಿಗ್ರಿ ಹತ್ರ ಬಿಸಿ ಏರುತ್ತೆ, ಗಾಳಿಗೆ ಆರುತ್ತೆ, ತೊಂದ್ರೆ ಇಲ್ಲ. ಆದ್ರೆ ಮಡಿಕೇರಿಯಿಂದ ಸಂಪಾಜೆಗೆ ನಾವು ಇಳಿಯೋ ಎತ್ತರ ಹೆಚ್ಚು ಕಮ್ಮಿ 1000 ಮೀಟರ್. ಅದೇ ಕಾರು ಅಷ್ಟು ಎತ್ತರ ಇಳಿದ್ರೆ ಕಳ್ಕೋಬೇಕಾದ ಶಕ್ತಿ 98 ಲಕ್ಷ ಜೂಲ್. ಭಾಗಿಸಿ ನೋಡಿ, 60ರ ವೇಗದಿಂದ ಹತ್ತತ್ರ 70 ಸಲ ಬ್ರೇಕ್ ಹಾಕಿ ನಿಲ್ಲಿಸಿದಷ್ಟಾಯ್ತು, ಮದೆನಾಡು, ಜೋಡುಪಾಲ, ದೇವರಕೊಲ್ಲಿ, ಕೊಯನಾಡು ಅಂತ ಇಳೀತಾ ಇಳೀತಾ. ಗಾಳಿ, ಟಯರು ಒಂದಷ್ಟು ತಿನ್ನುತ್ತೆ, ಮಿಕ್ಕಿದ್ದನ್ನ ಯಾರು ತಿನ್ಬೇಕು ಅನ್ನೋದು ನಿಮ್ಮ ಕೈಲಿದೆ, ಇಂಜಿನ್ನಾ ಇಲ್ಲ ಬ್ರೇಕಾ. ಆಕ್ಸಲರೇಟರ್ ಬಿಟ್ಟು ಸೆಕೆಂಡ್ ಅಥವಾ ಥರ್ಡ್ ಗೇರಲ್ಲಿ ಇಳಿದ್ರೆ ಇಂಜಿನ್ ಗಾಳಿ ಎಳ್ಕೊಂಡು ಒತ್ಕೊಂಡು ಆ ಶಕ್ತಿಯ ದೊಡ್ಡ ಪಾಲನ್ನ ತಿಂದು ರೇಡಿಯೇಟರ್, ಸೈಲೆನ್ಸರ್ ದಾರೀಲಿ ಹೊರಗೆ ಹಾಕುತ್ತೆ. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲಲ್ಲಿ ಇಳಿಯೋರು ಇದಾರೆ, ಅದು ಎರಡು ಲೆಕ್ಕದಲ್ಲೂ ತಪ್ಪು, ಈಗಿನ ಇಂಜೆಕ್ಷನ್ ಇಂಜಿನ್ನುಗಳು ಗೇರಲ್ಲಿ ಇಳಿಯುವಾಗ ಪೆಟ್ರೋಲೇ ಬಿಡಲ್ಲ, ನ್ಯೂಟ್ರಲಲ್ಲಿದ್ರೆ ಇಂಜಿನ್ ಓಡ್ತಾ ಇರೋಕೆ ಬಿಡಲೇಬೇಕು. ಇಂಜಿನ್ ಆಫ್ ಮಾಡಿ ಇಳಿಯೋದಂತೂ ಬೇಡವೇ ಬೇಡ, ಪಾದದ ಒತ್ತನ್ನ ಹೆಚ್ಚಿಸಿಕೊಡೋ ಬ್ರೇಕ್ ಬೂಸ್ಟರ್‌ಗೆ ಇಂಜಿನ್ನಿಂದಲೇ ಬಲ ಬರೋದು, ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತೆ.

ಬಿಸಿ ಮೀರಿದ್ರೆ ಎರಡು ಥರ ಕೈ ಕೊಡುತ್ತೆ. ಒಂದು, ಪ್ಯಾಡ್ ಹಿಡಿತ ಕಳ್ಕೊಳ್ಳುತ್ತೆ, ಪೆಡಲ್ ಗಟ್ಟಿಯಾಗೇ ಇರುತ್ತೆ ಆದ್ರೆ ಕಾರ್ ನಿಧಾನ ಆಗಲ್ಲ, ಸುಟ್ಟ ವಾಸನೆ ಬರುತ್ತೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು, ಬ್ರೇಕ್ ಆಯಿಲ್ ಕುದಿಯುತ್ತೆ. ಆಯಿಲ್‌ನ ಒತ್ತಿದ್ರೆ ಕುಗ್ಗಲ್ಲ, ಅದಕ್ಕೇ ಅದು ಪಾದದ ಬಲಾನ ಚಕ್ರಕ್ಕೆ ಮುಟ್ಟಿಸುತ್ತೆ, ಆದ್ರೆ ಕುದ್ದು ಬಂದ ಆವಿ ಗುಳ್ಳೆ ಕುಗ್ಗುತ್ತೆ, ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತೆ. ಈ ಆಯಿಲ್ ಗಾಳಿಯ ತೇವಾನ ಹೀರ್ಕೊಳ್ಳೋ ಜಾತಿ. ಡಾಟ್ 3 ಅನ್ನೋ ದರ್ಜೆಯ ಹೊಸ ಆಯಿಲ್ ಕುದಿಯೋಕೆ ಕನಿಷ್ಠ 205 ಡಿಗ್ರಿ ಬೇಕು, ನೀರು ಹೀರಿದ ಮೇಲೆ ಆ ಮಿತಿ 140, ಡಾಟ್ 4 ಆದ್ರೆ 230 ಮತ್ತು 155. ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಬಟ್ಟೇನೇ ಒಣಗದ ನಮ್ಮ ಊರಲ್ಲಿ ಆಯಿಲ್ ಎಷ್ಟು ನೀರು ಕುಡೀಬಹುದು ಯೋಚನೆ ಮಾಡಿ.

ಇದು ನನಗೇ ಆಗಿದೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು. ಕೆಲವು ವರ್ಷದ ಹಿಂದೆ ಸುಳ್ಯದ ಕಡೆ ಮದುವೆಗೆ ಅಂತ ವ್ಯಾನಲ್ಲಿ ಇಳೀತಿದ್ವಿ, ಮುಂದೆ ಲಾರಿ, ಅದರ ಹಿಂದೆ ಫೋರ್ತಲ್ಲೇ ಬ್ರೇಕ್ ಮುಟ್ಟಿ ಮುಟ್ಟಿ ಬಂದೆ, ಮಾತಿನ ಗುಂಗಲ್ಲಿ ಗೇರ್ ಕಡೆ ಗಮನ ಇಲ್ಲ, ಕೊಯನಾಡು ಹತ್ರ ಬರ್ತಿದ್ದಂತೆ ಪೆಡಲ್ ಹತ್ತಿ ತುಳಿದ ಹಾಗಾಯ್ತು. ಎರಡು ಮೂರು ಸಲ ಬೇಗ ಬೇಗ ಪಂಪ್ ಮಾಡಿದ್ಮೇಲೆ ಸ್ವಲ್ಪ ಹಿಡೀತು, ಥರ್ಡ್, ಸೆಕೆಂಡ್ ಅಂತ ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಮೆತ್ತಗೆ ಎಳೆದು ಪಕ್ಕದ ಮಣ್ಣಿಗೆ ಹಾಕಿ ನಿಲ್ಲಿಸಿದೆ. ಹಿಂದೆ ಆರು ಜನ ಕೂತಿದ್ರು, ಅದರಲ್ಲಿ ಇಬ್ಬರು ಮಕ್ಕಳು. ಮುಕ್ಕಾಲು ಗಂಟೆ ಆರೋಕೆ ಬಿಟ್ಟ ಮೇಲೆ ಪೆಡಲ್ ಏನೂ ಆಗಿಲ್ಲ ಅನ್ನೋ ಥರ ವಾಪಸ್ ಬಂತು. ಕೆಳಗೆ ಮೆಕ್ಯಾನಿಕ್ ಒಬ್ರು ಆಯಿಲ್ ತೆಗೆದು ತೋರಿಸಿದ್ರು, ಕಪ್ಪು ಕಾಫಿ ಬಣ್ಣ. ಎರಡು ತಿಂಗಳ ಹಿಂದೆ ಸರ್ವಿಸ್ ಮಾಡಿಸಿದ ಬಿಲ್ಲಲ್ಲಿ ಬ್ರೇಕ್ ಆಯಿಲ್ ಬದಲಿಸಿದೆ ಅಂತ ಬರೆದು ದುಡ್ಡು ತಗೊಂಡಿದ್ರು. ಈಗ ನಾನು ಎರಡು ವರ್ಷಕ್ಕೊಂದು ಸಲ, ಮಳೆಗಾಲ ಮುಗಿದ ಮೇಲೆ, ಪಕ್ಕದಲ್ಲೇ ನಿಂತು ಬದಲಿಸ್ಕೊಳ್ತೀನಿ. ನೀವೂ ಪಕ್ಕದಲ್ಲಿ ನಿಂತ್ಕೊಳ್ಳಿ.

ಹಾಗಾಗಿ ಘಾಟಿಗೆ ನನ್ನ ಲೆಕ್ಕ ಇಷ್ಟು, ಹತ್ತೋಕೆ ಯಾವ ಗೇರ್ ಬೇಕಿತ್ತೋ ಇಳಿಯೋಕೂ ಹೆಚ್ಚು ಕಮ್ಮಿ ಅದೇ ಗೇರು, ಬ್ರೇಕನ್ನ ಸವರ್ತಾ ಕೂರೋ ಬದಲು ತಿರುವಿಗೆ ಮೊದ್ಲು ಒಂದು ಸಲ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ ಪೂರ್ತಿ ಬಿಡೋದು, ಬಿಟ್ಟಾಗ ಡಿಸ್ಕಿಗೆ ಆರೋಕೆ ಗಾಳಿ ಸಿಗುತ್ತೆ. ಬ್ರೇಕ್ ಎಲ್ಲ ತಿರುವಿಗೆ ಮೊದ್ಲೇ ಮುಗೀಬೇಕು, ತಿರುವಿನ ಒಳಗೆ ಆ ನಾಲ್ಕು ಅಂಗೈಗೆ ಕಾರನ್ನ ತಿರುಗಿಸೋ ಕೆಲಸಾನೇ ಸಾಕಷ್ಟಿರುತ್ತೆ.

ಕೊನೇದಾಗಿ ನಿಮಗೊಂದು ಪ್ರಯೋಗ. ಪಾರದರ್ಶಕ ಬಾಟಲ್‌ಗೆ ಅರ್ಧ ನೀರು ತುಂಬಿ ಡ್ಯಾಶ್‌ಬೋರ್ಡ್ ಮೇಲೆ ಅಡ್ಡ ಮಲಗಿಸಿ, ಮೂತಿ ಕಾರಿನ ಮುಂದಕ್ಕಿರಲಿ, ಟೇಪ್ ಹಾಕಿ, ಪಕ್ಕದಲ್ಲಿ ಯಾರನ್ನಾದ್ರೂ ಕೂರಿಸ್ಕೊಂಡು ನೋಡೋಕೆ ಹೇಳಿ, ನೀವು ರಸ್ತೆ ನೋಡಿ. ಸಮತಟ್ಟಲ್ಲಿ 3 ಮೀಟರ್ ಲೆಕ್ಕದಲ್ಲಿ ಬ್ರೇಕ್ ಹಿಡಿದ್ರೆ ನೀರಿನ ಮಟ್ಟ ಮುಂದಿನ ಕಡೆ ಏರಿ 17 ಡಿಗ್ರಿ ಓರೆ ಆಗುತ್ತೆ, ನಿಂತ ಕ್ಷಣ ಹಿಂದಕ್ಕೆ ಅಪ್ಪಳಿಸುತ್ತೆ, ಅದೇ ನಿಮ್ಮ ಅತ್ತೆಯವರ ಕುತ್ತಿಗೆ. ಪೆಡಲ್ ಸಡಿಲ ಬಿಡೋದು ಕಲಿತ ಹಾಗೆಲ್ಲ ಆ ಅಪ್ಪಳಿಕೆ ಸಣ್ಣದಾಗ್ತಾ ಹೋಗುತ್ತೆ. ಆಮೇಲೆ ಹಿಂದೆ ಮುಂದೆ ಯಾರೂ ಇಲ್ಲದ ತೋಟದ ಏರಿನಲ್ಲಿ, ಹಗಲಲ್ಲಿ, ಮೆಲ್ಲಗೆ ಹೋಗ್ತಾ ಕ್ಲಚ್ ಒತ್ತಿ ಬ್ರೇಕ್ ಮೇಲೆ ಕಾಲು ಸಿದ್ಧ ಇಟ್ಕೊಂಡು, ಬ್ರೇಕ್ ಹಾಕದೆ ಕಾರನ್ನ ತಾನಾಗೇ ನಿಧಾನ ಆಗೋಕೆ ಬಿಡಿ. ಈಗ ಕಾರೇ ಆ ಮೇಲಕ್ಕೆಸೆದ ಚೆಂಡು. ನೀರಿನ ಮಟ್ಟ ಏರು ರಸ್ತೆಗೆ ಹೆಚ್ಚು ಕಮ್ಮಿ ಸಮಾನಾಂತರವಾಗಿ ಇರುತ್ತೆ, ಕಾರು ಸಮತಟ್ಟು ರಸ್ತೇಲಿ ಹಾಯಾಗಿ ಹೋಗ್ತಿದೆ ಅನ್ನೋ ಥರ. ವೇಗ ಸೊನ್ನೆಗೆ ಬಂದ ಕ್ಷಣದಲ್ಲೂ ನೀರು ಎಗರಲ್ಲ, ಯಾರ ತಲೇನೂ ಹಿಂದಕ್ಕೆ ಹೋಗಲ್ಲ, ಕಾರು ನಿಂತಿದ್ದೇ ಗೊತ್ತಾಗಲ್ಲ. ಆ ಗಳಿಗೇಲೇ ಬ್ರೇಕ್ ಹಿಡೀರಿ, ಆಗ ನೋಡಿ, ಇಷ್ಟು ಹೊತ್ತು ಅಲುಗದ ನೀರು ಮೆಲ್ಲಗೆ ಹಿಂದಕ್ಕೆ ಜಾರಿ ತನ್ನ ನಿಜವಾದ ಮಟ್ಟಕ್ಕೆ ಕೂತ್ಕೊಳ್ಳುತ್ತೆ.